ಹಕ್ಕಿ ಹಿಕ್ಕೆಯ ಮಹಿಮೆ

ಏನು ಬೆರೆಸಿದರೂ ಸುಧಾರಿಸುವ ವಸ್ತು ಜಗತ್ತಿನಲ್ಲಿ ಒಂದಿದೆ. ಹೆಸರು ಗ್ರಾಫೀನ್. ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ.

2004ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳಾದ ಗೀಮ್ ಮತ್ತು ನೊವೊಸೆಲೊವ್, ಇಂಥ ಹಾಳೆಗಳೇ ಒಂದರ ಮೇಲೊಂದು ಪೇರಿಸಿಕೊಂಡಿರುವ ಗ್ರಾಫೈಟಿಗೆ ಅಂಟುಟೇಪು ಹಚ್ಚಿ ಇದನ್ನು ಕಿತ್ತು ತೆಗೆದರು. 2010ರಲ್ಲಿ ನೊಬೆಲ್ ಬಂತು. ಅವರದು ಅಪ್ಪಟ ಕೆಲಸ, ಬಿಡಿ. ಪೇಚಾಟ ಆಮೇಲೆ ಬಂದವರದು. ಟೇಪು ಎಲ್ಲರ ಮೇಜಿನ ಮೇಲೂ ಇತ್ತು, ನೊಬೆಲ್ ಮಾತ್ರ ಹಂಚಿ ಮುಗಿದಿತ್ತು.

ಆಗ ಕೈಹಿಡಿದದ್ದು ಡೋಪಿಂಗ್. ಅಂದರೆ ಹಾಳೆಯ ಇಂಗಾಲದ ನಡುವೆ ಅಲ್ಲಲ್ಲಿ ಬೇರೆ ಪರಮಾಣು ಕೂರಿಸುವುದು. ಹಾಗೆ ಮಾಡಿದರೆ ದುಬಾರಿ ಪ್ಲಾಟಿನಂ ಮಾಡುವ ವೇಗವರ್ಧಕದ ಕೆಲಸವನ್ನು, ಅಂದರೆ ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ಕೆಲಸವನ್ನು, ಅಗ್ಗದ ಇಂಗಾಲವೇ ಮಾಡೀತು ಎಂಬ ಆಸೆ. ಆಸೆ ತಪ್ಪಲ್ಲ. ಸಾರಜನಕ ಹಾಕಿದರು, ಚೆನ್ನಾಯಿತು. ಬೋರಾನ್ ಹಾಕಿದರು, ಚೆನ್ನಾಯಿತು. ಗಂಧಕ, ರಂಜಕ, ಅವೂ ಚೆನ್ನಾದವು. ಕೆಟ್ಟುಹೋಯಿತು ಅಂತ ಬರೆದರೆ ಅಚ್ಚು ಹಾಕುವವರು ಯಾರು, ಅಲ್ವಾ?

ರಸಾಯನ ವಿಜ್ಞಾನಿ ಮಾರ್ಟಿನ್ ಪುಮೆರಾ ಮತ್ತು ಜೊತೆಗಾರರಿಗೆ ಇದನ್ನು ನೋಡಿ ನೋಡಿ ಸಾಕಾಗಿರಬೇಕು. 2020ರಲ್ಲಿ ಒಂದು ಲೆಕ್ಕ ಹಾಕಿದರು. ಬೆರೆಸಬಹುದಾದ ಮೂಲವಸ್ತುಗಳು 84. ಒಂದೊಂದೇ ಹಾಕಿದರೆ 84 ಪ್ರಬಂಧ. ಎರಡೆರಡು ಬೆರೆಸಿದರೆ 3,486. ಮೂರಾದರೆ 95,284. ನಾಲ್ಕಾದರೆ ಹತ್ತಿರ ಹತ್ತಿರ 20 ಲಕ್ಷ! ಮೊಮ್ಮಕ್ಕಳ ಬಡ್ತಿಗೂ ಈಗಲೇ ವ್ಯವಸ್ಥೆ ಆದ ಹಾಗೆ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಅವರು ಹಕ್ಕಿ ಹಿಕ್ಕೆ ತಂದರು. ಸಾರಜನಕ, ರಂಜಕ, ಗಂಧಕ ಎಲ್ಲ ಅದರಲ್ಲೇ ಇವೆ. ಹಕ್ಕಿ ಮೊದಲೇ ಬೆರೆಸಿ ಕೊಟ್ಟಿರುತ್ತದೆ, ಅದೂ ಪುಕ್ಕಟೆ. ಗ್ರಾಫೀನ್ ತಯಾರಿಸಲು ಬಳಸುವ ಗ್ರಾಫೈಟ್ ಆಕ್ಸೈಡ್ ಜೊತೆ ಕಲಸಿ ಕಾಯಿಸಿದರು. ಹಿಕ್ಕೆ ಇಲ್ಲದ ಗ್ರಾಫೀನಿಗಿಂತ ಹಿಕ್ಕೆ ಬಿದ್ದದ್ದೇ ಜಾಸ್ತಿ ಚುರುಕಾಯಿತು. ಎಸಿಎಸ್ ನ್ಯಾನೋ ಎಂಬ ವಿಜ್ಞಾನ ಪತ್ರಿಕೆ ಅದನ್ನು ಪ್ರಕಟಿಸಿಯೂ ಬಿಟ್ಟಿತು. ತಮಾಷೆಗೆ ಬರೆದ ಪ್ರಬಂಧದಲ್ಲೂ ವಸ್ತು ಸುಧಾರಿಸಿಯೇ ತೀರಿತು ನೋಡಿ.

ಇನ್ನು ಮಾರುಕಟ್ಟೆಯ ಕಥೆ. ಹಿಕ್ಕೆ ಹಾಕುವ ಮುಂಚೆ ಡಬ್ಬಿಯಲ್ಲಿ ಗ್ರಾಫೀನ್ ಇದೆಯೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 60 ಕಂಪನಿಗಳ ಮಾಲನ್ನು ಪರೀಕ್ಷಿಸಿತ್ತು. ಹೆಚ್ಚಿನವುಗಳಲ್ಲಿ ಗ್ರಾಫೀನ್ ಶೇ. 10ರಷ್ಟೂ ಇರಲಿಲ್ಲ. ಮಿಕ್ಕದ್ದು ಬಹುಮಟ್ಟಿಗೆ ದಪ್ಪ ದಪ್ಪ ಗ್ರಾಫೈಟ್ ಚೂರು. ಅಂದರೆ ಪೆನ್ಸಿಲ್ ಕಡ್ಡಿಯ ಪುಡಿ, ಚೀಟಿ ಮಾತ್ರ ನ್ಯಾನೋ.

ಈ ಇಡೀ ವ್ಯವಹಾರದಲ್ಲಿ ಕಲಬೆರಕೆ ಇಲ್ಲದ ಮಾಲು ಕೊಟ್ಟದ್ದು ಹಕ್ಕಿ ಒಂದೇ. ಲೇಖಕರ ಪಟ್ಟಿಯಲ್ಲಿ ಅದರ ಹೆಸರಿಲ್ಲ.