ತಲೆಬುಡವಿಲ್ಲದ ಸಿನಿಮಾ

ಸಿನಿಮಾ ಮುಗಿದು ಹೆಸರುಗಳ ಪಟ್ಟಿ ಮೇಲೇರುತ್ತಿತ್ತು. ನಾವು ಐದು ಜನ ಕೂತಿದ್ದೆವು. ಒಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಗೆ ನನ್ನ ಹೆಂಡತಿ, "ಅಲ್ಲ, ಈಗ ಅವನ ತಲೆ ಹೋಯ್ತಾ, ಉಳೀತಾ?" ಅಂದಳು. ಅಷ್ಟಕ್ಕೇ ಕಾಯುತ್ತಿದ್ದವರ ಹಾಗೆ ಹೆಚ್ಚುಕಡಿಮೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಸಿನಿಮಾ ಓಡಿದ್ದು 130 ನಿಮಿಷ. ಆಮೇಲಿನ ಜಗಳಕ್ಕೆ ಲೆಕ್ಕ ಇಟ್ಟವರಿಲ್ಲ.

ನಾವು ನೋಡಿದ್ದು 2021ರಲ್ಲಿ ಬಂದ 'ದಿ ಗ್ರೀನ್ ನೈಟ್'. ಡೇವಿಡ್ ಲೋವರಿ ನಿರ್ದೇಶನ, ನಾಯಕ ದೇವ್ ಪಟೇಲ್. ಕತೆ ಬ್ರಿಟನ್ನಿನ ದಂತಕತೆಗಳಲ್ಲಿ ಬರುವ ಅರ್ಥರ್ ರಾಜನ ಕಾಲದ್ದು. ಕ್ರಿಸ್‌ಮಸ್ ದಿನ ಓಲಗ ತುಂಬಿರುವಾಗ ಮೈಯೆಲ್ಲ ಹಸಿರಾದ ಸವಾರನೊಬ್ಬ ಕೊಡಲಿ ಹಿಡಿದು ಕುದುರೆ ಸಮೇತ ಒಳಗೆ ಬರುತ್ತಾನೆ. ಧೈರ್ಯವಿದ್ದವರು ಯಾರಾದರೂ ನನಗೆ ಒಂದು ಏಟು ಹಾಕಿ, ಆದರೆ ವರ್ಷ ತುಂಬಿದ ದಿನ ನನ್ನ ಹಸಿರು ಗುಡಿಗೆ ಬಂದು ಅದೇ ಏಟನ್ನು ನನ್ನಿಂದ ತಿನ್ನಬೇಕು ಎನ್ನುವುದು ಅವನ ಪಂಥ. ರಾಜನ ಸೋದರಳಿಯ ಗವೇನ್ ಹಿಂದುಮುಂದು ನೋಡದೆ ಎದ್ದು ಒಂದೇ ಏಟಿಗೆ ತಲೆ ಹಾರಿಸಿಬಿಡುತ್ತಾನೆ. ನ್ಯಾಯವಾಗಿ ಅಲ್ಲಿಗೆ ಕತೆ ಮುಗಿಯಬೇಕು. ಹಸಿರು ಮನುಷ್ಯ ಎದ್ದು, ಉರುಳಿದ ತನ್ನ ತಲೆಯನ್ನು ತಾನೇ ಎತ್ತಿಕೊಂಡು, ಗಡುವು ನೆನಪಿಸಿ, ನಗುತ್ತಾ ಹೊರಟುಹೋಗುತ್ತಾನೆ. ಮಿಕ್ಕ ಸಿನಿಮಾ ಪೂರ್ತಿ ಹುಡುಗ ತನ್ನ ತಲೆ ಒಪ್ಪಿಸಲು ಹೋಗುವ ದಾರಿ.

ಈ ಚಿತ್ರದ ಬಗ್ಗೆ ಕಿತ್ತಾಡಿದವರು ನಾವು ಮೊದಲಿಗರಲ್ಲ. ವಿಮರ್ಶಕರಲ್ಲಿ ಬಹುಪಾಲು ಜನ ತಲೆಯ ಮೇಲೆ ಹೊತ್ತು ಮೆರೆಸಿದರು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಇದೆ. ಹೊಸ ಚಿತ್ರ ಬಿಡುಗಡೆಯಾದಾಗ ಮೊದಮೊದಲು ನೋಡಿ ಹೊರಬರುವ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ದರ್ಜೆ ಹಾಕಿಸಿಕೊಳ್ಳುತ್ತದೆ. ಅವರು ಇದಕ್ಕೆ ಕೊಟ್ಟದ್ದು ಸಿ ಪ್ಲಸ್. ಪರೀಕ್ಷೆಯಲ್ಲಾದರೆ ಅದು ಪಾಸು. ಸಿನಿಮಾಗಳಿಗೆ ಜನ ಸಾಮಾನ್ಯವಾಗಿ ಧಾರಾಳವಾಗಿಯೇ ಅಂಕ ಹಾಕುವುದರಿಂದ ಇಲ್ಲಿ ಸಿ ಪ್ಲಸ್ ಅಂದರೆ ಮುಖ ಸಿಂಡರಿಸಿದರು ಎಂದೇ ಅರ್ಥ. ಕತ್ತಿ, ಕುದುರೆ, ರಾಜ, ಮಾಟಗಾತಿ ಎಂದು ಜಾಹೀರಾತು ನೋಡಿ ಹೋದವರಿಗೆ ಅವರು ಬಯಸಿದಂಥ ಯುದ್ಧ ಸಿಗಲಿಲ್ಲ. ಅವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಮದುವೆ ಊಟಕ್ಕೆ ಬಂದವನ ಮುಂದೆ ಉಪವಾಸದ ಮಹಿಮೆ ಹೇಳಿದ ಹಾಗಾಗಿರಬೇಕು.

ನಮ್ಮ ಮನೆಯ ಸಿ ಪ್ಲಸ್ ಪಾರ್ಟಿ ನನ್ನ ಅಣ್ಣನ ಮಗ. ಸಿನಿಮಾ ಹಾಕಿದ್ದೂ ಅವನೇ, ಮೊದಲು ಆಕಳಿಸಿದ್ದೂ ಅವನೇ. "ಚಿಕ್ಕಪ್ಪ, ಇದನ್ನ ಎರಡರಷ್ಟು ಸ್ಪೀಡಲ್ಲಿ ಹಾಕಿದ್ರೂ ಸ್ಲೋನೇ" ಎಂಬುದು ಅವನ ವಿಮರ್ಶೆ. ಅವನಿಗೆ ಬೇಸರ ತರಿಸಿದ ದೃಶ್ಯವೇ ನನಗೆ ಅತ್ಯಂತ ಹಿಡಿಸಿದ ದೃಶ್ಯ ಎಂಬುದು ಬೇರೆ ಮಾತು. ದಾರಿಯಲ್ಲಿ ಕಳ್ಳರು ಗವೇನನನ್ನು ದೋಚಿ, ಕೈಕಾಲು ಕಟ್ಟಿ, ಕಾಡಿನಲ್ಲಿ ಉರುಳಿಸಿ ಹೋಗುತ್ತಾರೆ. ಕ್ಯಾಮೆರಾ ಅವನನ್ನು ಬಿಟ್ಟು ನಿಧಾನಕ್ಕೆ ತಿರುಗತೊಡಗುತ್ತದೆ. ಮರ, ಪಾಚಿ, ಬೇರು, ಮತ್ತೆ ಮರ. ಪೂರ್ತಿ ಒಂದು ಸುತ್ತು ಬಂದು ಮತ್ತೆ ಅದೇ ಜಾಗಕ್ಕೆ ಬಂದಾಗ ಅಲ್ಲಿ ಬಿದ್ದಿರುವುದು ಅದೇ ಬಟ್ಟೆ ತೊಟ್ಟ ಎಲುಬಿನ ಗೂಡು. ಕಟ್ಟಿದ ಹಗ್ಗ ಹಾಗೇ ಇದೆ. ಆಮೇಲೆ ಕ್ಯಾಮೆರಾ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತದೆ: ಮರ, ಬೇರು, ಪಾಚಿ. ಈಗ ನೋಡಿದರೆ ಹುಡುಗ ಬದುಕಿದ್ದಾನೆ, ಕತ್ತಿಯ ಕಡೆಗೆ ತೆವಳುತ್ತಿದ್ದಾನೆ. ಏನೂ ಮಾಡದೆ ಬಿದ್ದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಒಂದು ಮಾತಿಲ್ಲದೆ ತೋರಿಸಿದ್ದಾರಲ್ಲ ಎಂದು ನಾನು ಪುಳಕಗೊಂಡು ಪಕ್ಕಕ್ಕೆ ತಿರುಗಿದೆ. ಅಷ್ಟು ಹೊತ್ತಿಗೆ ಅಣ್ಣನ ಮಗ ಫೋನಿನಲ್ಲಿ ಯಾರಿಗೋ ನಗುವ ಮುಖದ ಚಿತ್ರ ಕಳಿಸುತ್ತಿದ್ದ. ಎಲುಬಿನ ಗೂಡನ್ನು ಅವನು ನೋಡಲೇ ಇಲ್ಲ. ಹುಡುಗ ಬಿದ್ದಿದ್ದ, ಎದ್ದ. ಅವನ ಲೆಕ್ಕದಲ್ಲಿ ನಡುವೆ ಒಂದಿಷ್ಟು ಮರ ತೋರಿಸಿದರು, ಅಷ್ಟೇ.

ಇನ್ನೊಂದು ಕಡೆ ನಾವೆಲ್ಲರೂ ಅವನ ಹಾಗೇ ಆದೆವು. ಕೋಟೆಯ ಒಡತಿ ಗವೇನನ ಕೋಣೆಗೆ ಬರುವ ದೃಶ್ಯ. ದೊಡ್ಡಮ್ಮನೂ ಕೂತಿದ್ದರು. ಆ ಎರಡು ನಿಮಿಷ ಮನೆಮಂದಿಗೆಲ್ಲ ಒಟ್ಟಿಗೇ ಏನೇನೋ ಕೆಲಸ ಬಂದುಬಿಟ್ಟಿತು. ನನಗೆ ಕನ್ನಡಕ ಒರೆಸುವುದಿತ್ತು, ನನ್ನ ಹೆಂಡತಿಗೆ ಒಳಗೆ ಹೋಗಿ ನೀರು ತರುವುದಿತ್ತು. ಆದರೆ ಕತೆಯ ಬೀಗದ ಕೈ ಇರುವುದು ಅಲ್ಲೇ. ಕಟ್ಟಿಕೊಂಡವನಿಗೆ ಸಾವಿಲ್ಲ ಎನ್ನುವ ಹಸಿರು ನಡುಪಟ್ಟಿಯೊಂದು, ಮೊದಲು ತಾಯಿ ಕೊಟ್ಟು ಕಳ್ಳರ ಪಾಲಾಗಿದ್ದದ್ದು, ಈ ದೃಶ್ಯದಲ್ಲಿ ಮತ್ತೆ ಅವನ ಸೊಂಟಕ್ಕೆ ಬರುತ್ತದೆ. ಕೊನೆಯಲ್ಲಿ ಅವನು ಅದನ್ನು ಬಿಚ್ಚಿ ಎಸೆದಾಗ "ಇದ್ಯಾವ ಬಟ್ಟೆ?" ಎಂದು ನಮ್ಮಲ್ಲಿ ಮೂವರು ಕೇಳಿದ್ದಕ್ಕೆ ನಿರ್ದೇಶಕ ಹೊಣೆಯಲ್ಲ. ಈ ಚಿತ್ರಕ್ಕೆ ತಲೆಬುಡ ಇಲ್ಲ ಎಂದು ತೀರ್ಪು ಕೊಟ್ಟವರಲ್ಲಿ ಎಷ್ಟು ಜನ ಮನೆಮಂದಿಯ ಜೊತೆ ಕೂತು ನೋಡಿದವರೋ ಏನೋ.

ಐದನೆಯವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು, ನಿವೃತ್ತರಾದರೂ ಪಾಠ ನಿವೃತ್ತವಾಗಿಲ್ಲ. ಅವರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. "ಮೂಲದಲ್ಲಿ ಹೀಗಿಲ್ಲ ಮಾರಾಯ!" ಮೂಲವೆಂದರೆ 14ನೇ ಶತಮಾನದ ಕೊನೆಯ ಒಂದು ಕಾವ್ಯ, 2530 ಸಾಲು, ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಒಂದೇ ಒಂದು ಹಸ್ತಪ್ರತಿ. ಅದು ಇದ್ದ ಕಟ್ಟಡಕ್ಕೆ 1731ರಲ್ಲಿ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿಗಳು ಬೂದಿಯಾದಾಗಲೂ ಇದು ಹೇಗೋ ತಲೆ ಉಳಿಸಿಕೊಂಡಿತು. ಅಚ್ಚಾದದ್ದು 1839ರಲ್ಲಿ. ಅಲ್ಲಿಯ ಗವೇನ್ ಆಗಲೇ ಹೆಸರಾಂತ ವೀರ, ಗುರಾಣಿಯ ಮೇಲೆ ಐದು ಮೂಲೆಯ ನಕ್ಷತ್ರ ಬರೆಸಿಕೊಂಡ ಸದ್ಗುಣಿ. ಚಿತ್ರದಲ್ಲಿ ಅವನು ಕುಡಿದು ಎಲ್ಲೋ ಮಲಗಿ, ಹಬ್ಬದ ಬೆಳಿಗ್ಗೆ ಬೂಟು ಹುಡುಕುತ್ತಾ ಏಳುವ ಉಡಾಳ. ಇನ್ನೂ ವೀರ ಪದವಿಯೂ ಸಿಕ್ಕಿಲ್ಲ. ಆ ಗುರಾಣಿಯನ್ನೂ ಕಳ್ಳರು ಒಡೆದುಹಾಕುತ್ತಾರೆ. ಅದು ಒಡೆದಾಗ ಮೇಷ್ಟ್ರು ಎದೆ ಹಿಡಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಕೊನೆಯೂ ಬೇರೆ. ಕಾವ್ಯದಲ್ಲಿ ಹಸಿರು ಸವಾರ ಮೂರು ಸಲ ಕೊಡಲಿ ಎತ್ತುತ್ತಾನೆ. ಮೊದಲ ಸಲ ಗವೇನ್ ಹೆಗಲು ಕುಗ್ಗಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಎರಡನೆಯದು ಬರೀ ಬೆದರಿಕೆ. ಮೂರನೆಯದು ಕತ್ತಿನ ಚರ್ಮ ಗೀರಿ ಹೋಗುತ್ತದೆ, ಅಷ್ಟೇ. ಆ ಗೀರೂ ನಡುಪಟ್ಟಿ ಬಚ್ಚಿಟ್ಟ ತಪ್ಪಿಗೆ. ಗವೇನ್ ನಾಚಿಕೆಯಿಂದ ತಲೆ ತಗ್ಗಿಸಿ ಊರಿಗೆ ಬಂದರೆ ಆಸ್ಥಾನದವರು ನಕ್ಕು, ತಾವೂ ಒಂದೊಂದು ಹಸಿರು ಪಟ್ಟಿ ಧರಿಸುತ್ತಾರೆ. "ಎಂಥ ಸೂಕ್ಷ್ಮ! ಅದನ್ನ ಬಿಟ್ಟು ಇವನೇನು ಮಾಡಿದ್ದಾನೆ ನೋಡು" ಎಂದು ಮೇಷ್ಟ್ರು ಹಲುಬಿದರು.

ನಿರ್ದೇಶಕ ಮಾಡಿದ್ದೇನೆಂದರೆ, ಕೊಡಲಿಯ ಕೆಳಗಿನಿಂದ ಗವೇನನನ್ನು ಎಬ್ಬಿಸಿ ಓಡಿಸುತ್ತಾನೆ. ಓಡಿ ಊರು ಸೇರುತ್ತಾನೆ, ರಾಜನಾಗುತ್ತಾನೆ, ಪ್ರೀತಿಸಿದವಳಿಂದ ಮಗುವನ್ನು ಕಿತ್ತುಕೊಳ್ಳುತ್ತಾನೆ, ಆ ಮಗ ಯುದ್ಧದಲ್ಲಿ ಸಾಯುತ್ತಾನೆ, ಕೋಟೆಗೆ ಶತ್ರುಗಳು ಮುತ್ತುತ್ತಾರೆ. ಎಲ್ಲ ಹೆಚ್ಚುಕಡಿಮೆ ಮಾತಿಲ್ಲದೆ. ಒಬ್ಬನೇ ಸಿಂಹಾಸನದಲ್ಲಿ ಕೂತು ಇಷ್ಟು ವರ್ಷ ಬಿಚ್ಚದಿದ್ದ ನಡುಪಟ್ಟಿಯನ್ನು ಎಳೆದಾಗ ತಲೆ ಕಳಚಿ ಬೀಳುತ್ತದೆ. ತಕ್ಷಣ ನಾವು ಮತ್ತೆ ಗುಡಿಯಲ್ಲಿದ್ದೇವೆ. ಇದೆಲ್ಲ ಅವನ ಮನಸ್ಸಿನಲ್ಲಿ ಹಾದುಹೋದದ್ದು. ಈಗ ಅವನು ಪಟ್ಟಿ ಬಿಚ್ಚಿಟ್ಟು, ನಾನು ಸಿದ್ಧ ಅನ್ನುತ್ತಾನೆ. ಹಸಿರು ಸವಾರ ಮಂಡಿಯೂರಿ, ಮಗುವನ್ನು ಮುದ್ದಿಸುವವನ ಹಾಗೆ ಮೆಚ್ಚಿ, ಬೆರಳಿನಿಂದ ಕತ್ತಿನ ಮೇಲೆ ಗೆರೆ ಎಳೆದು, ಇನ್ನು ತಲೆ ತೆಗೆಯೋಣ ಎಂಬರ್ಥದ ಒಂದು ಮಾತು ಹೇಳುತ್ತಾನೆ. ಪರದೆ ಕಪ್ಪು.

"ನಗ್ತಾ ಹೇಳ್ದ. ಅಂದ್ರೆ ಬಿಟ್ಬಿಟ್ಟ" ಎಂದಳು ನನ್ನ ಹೆಂಡತಿ. "ಹೇಳಿದ್ದು ತಲೆ ತೆಗೀತೀನಿ ಅಂತ. ಅಂದ್ರೆ ತೆಗೆದ" ಎಂದ ಅಣ್ಣನ ಮಗ. ಆ ಹತ್ತು ಸೆಕೆಂಡನ್ನು ಅವನು ಹಿಂದಕ್ಕೆಳೆದು ನಾಲ್ಕು ಸಲ ಹಾಕಿದ. ಸಿನಿಮಾ ನಿಧಾನವೆಂದು ಗೊಣಗಿದವನು ಈಗ ಅದನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡುತ್ತಿದ್ದ. ಹೀಗೆ ಎಳೆದಾಡುವಾಗಲೇ ಹೆಸರುಗಳ ಪಟ್ಟಿ ಮುಗಿದ ಮೇಲೆ ಇನ್ನೊಂದು ತುಣುಕು ಇರುವುದು ಸಿಕ್ಕಿತು: ಪುಟ್ಟ ಹುಡುಗಿಯೊಬ್ಬಳು ನೆಲದ ಮೇಲಿನ ಕಿರೀಟ ಎತ್ತಿ ತಲೆಗಿಟ್ಟುಕೊಳ್ಳುತ್ತಾಳೆ. ಯಾರ ಮಗಳು? ಜಗಳಕ್ಕೆ ಇನ್ನೊಂದು ಕವಲು ಬಂತು.

ಮೇಷ್ಟ್ರ ಪಕ್ಷಕ್ಕೆ ನಾನು ಪೂರ್ತಿ ಸೇರಲಾರೆ. ಮೂಲ ಮೂಲ ಎಂದು ಅವರು ಹೇಳುವ ಕಾವ್ಯಕ್ಕೂ ಒಂದು ಮೂಲವಿದೆ. ತಲೆ ಕೊಟ್ಟು ತಲೆ ಪಡೆಯುವ ಈ ಆಟ ಅದಕ್ಕಿಂತ ಶತಮಾನಗಳ ಹಿಂದಿನ ಐರ್ಲೆಂಡಿನ ಕತೆಯಲ್ಲೇ ಬರುತ್ತದೆ. ಅಲ್ಲಿ ತಲೆಯೊಡ್ಡುವ ವೀರ ಕುಹೂಲಿನ್. ಹೆಸರಿಲ್ಲದ ಆ ಇಂಗ್ಲಿಷ್ ಕವಿ ತನ್ನ ಕೈಚಳಕ ತೋರಿಸಿದಾಗ ಐರ್ಲೆಂಡಿನ ಯಾವನೋ ಮೇಷ್ಟ್ರು ಎದೆ ಹಿಡಿದುಕೊಂಡಿರಲಾರನೇ? ಸ್ಟೀಫನ್ ವೀಕ್ಸ್ ಎಂಬ ನಿರ್ದೇಶಕ ಇದೇ ಕತೆಯನ್ನು 1973ರಲ್ಲಿ ಒಮ್ಮೆ ಚಿತ್ರ ಮಾಡಿ, 1984ರಲ್ಲಿ ಮತ್ತೊಮ್ಮೆ ಮಾಡಿದ. ಎರಡನೆಯದರಲ್ಲಿ ಹಸಿರು ಸವಾರನಾದವನು ಶಾನ್ ಕಾನರಿ. ಒಬ್ಬನೇ ಮನುಷ್ಯನಿಗೆ ತನ್ನದೇ ಮೊದಲ ಚಿತ್ರ ಸಾಲಲಿಲ್ಲ ಎಂದ ಮೇಲೆ ಬೇರೆಯವರ ಚಿತ್ರ ಹೇಗೆ ಸಾಲಬೇಕು?

ಇನ್ನೊಂದು ಬಗೆಯ ತಕರಾರೂ ಇತ್ತು, ನಮ್ಮ ಮನೆಯಲ್ಲಲ್ಲ, ಹೊರಗೆ. ಅರ್ಥರನ ಸೋದರಳಿಯನಾಗಿ ಭಾರತೀಯ ಮೂಲದ ನಟನೇ ಎಂದು ಕೆಲವರು ಹುಬ್ಬೇರಿಸಿದರು. ಕತ್ತರಿಸಿದ ತಲೆಯನ್ನು ಕೈಯಲ್ಲಿ ಹಿಡಿದು ಹೋಗುವ ಹಸಿರು ಮನುಷ್ಯನನ್ನು ಒಪ್ಪಿಕೊಂಡವರಿಗೆ ಕಂದು ಬಣ್ಣ ಮಾತ್ರ ಕಣ್ಣು ಚುಚ್ಚಿತು.

ದೊಡ್ಡಮ್ಮನ ವಿಚಾರಕ್ಕೆ ಬರುತ್ತೇನೆ. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಉದ್ದಕ್ಕೂ ಅಣ್ಣನ ಮಗನೇ ಪಕ್ಕದಲ್ಲಿ ಕೂತು ಕತೆ ಹೇಳಿದ. ನಮ್ಮ ಮನೆಯಲ್ಲಿ ಓಡಿದ್ದು ಎರಡು ಸಿನಿಮಾ, ಪರದೆಯ ಮೇಲೊಂದು, ಅವನ ಬಾಯಲ್ಲೊಂದು. ಎರಡನೆಯದು ಹೆಚ್ಚು ವೇಗವಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ದೊಡ್ಡಮ್ಮ, "ಗೊತ್ತಾಯ್ತು ಬಿಡೋ, ಇದು ಪುಣ್ಯಕೋಟಿ ಕತೆ" ಅಂದರು. ಮೇಷ್ಟ್ರು ಕೂಡ ಒಂದು ಕ್ಷಣ ಸುಮ್ಮನಾದರು. ಕೊಟ್ಟ ಮಾತಿಗೆ ಕಟ್ಟುಬಿದ್ದು ಸಾಯಲು ತಾನಾಗಿಯೇ ನಡೆದುಕೊಂಡು ಹೋಗುವುದು. ಹುಲಿಯ ಬದಲು ಹಸಿರು ಮನುಷ್ಯ, ಅಷ್ಟೇ ತಾನೆ? ಅಲ್ಲಿಂದ ಮುಂದೆ ದೊಡ್ಡಮ್ಮನಿಗೆ ಯಾವುದೂ ವಿಚಿತ್ರವೆನಿಸಲಿಲ್ಲ. ನರಿ ಬಾಯಿಬಿಟ್ಟು ಮಾತಾಡಿದಾಗ ನಾವು ನಾಲ್ವರೂ ಬೆಚ್ಚಿದೆವು. ಅವರು ಮಾತ್ರ, ಹಸು ಮಾತಾಡುವಾಗ ನರಿ ಆಡಬಾರದಾ ಎಂಬಂತೆ ನೋಡುತ್ತಿದ್ದರು. ಒಂದೇ ಒಂದು ಕಡೆ ಅವರಿಗೆ ಅಸಮಾಧಾನ: "ಪುಣ್ಯಕೋಟಿ ಉಡದಾರಕ್ಕೆ ತಾಯಿತ ಕಟ್ಕೊಂಡು ಹೋಗಿರ್ಲಿಲ್ಲ ಕಣೋ." ಬಿಚ್ಚಿಟ್ಟ ಮೇಲೆ ಅವನ ಮೇಲಿನ ಸಿಟ್ಟು ಇಳಿಯಿತು. ಆದರೆ ಹಸಿರು ಮನುಷ್ಯ ನಾಚಿಕೆಯಿಂದ ಬೆಟ್ಟದಿಂದ ಹಾರಿಕೊಳ್ಳದೆ ಹಾಗೇ ಕೂತಿದ್ದದ್ದು ಮಾತ್ರ ಅವರಿಗೆ ಸರಿಬರಲಿಲ್ಲ. ಹುಲಿಗಿದ್ದ ಮಾನ ಇವನಿಗಿಲ್ಲವಲ್ಲ!

ತಲೆ ಹೋಯಿತೇ ಉಳಿಯಿತೇ ಎಂಬ ಜಗಳದಲ್ಲಿ ಅವರು ಬಾಯಿ ಹಾಕಲೇ ಇಲ್ಲ. ನಮ್ಮನ್ನೆಲ್ಲ ನೋಡಿ ಎದ್ದು ಮಲಗಲು ಹೋದರು.

ಎರಡು ದಿನ ಬಿಟ್ಟು, ಬೆಳಿಗ್ಗೆ ನಾನು ಪೇಪರು ಓದುತ್ತಿದ್ದಾಗ ಬಂದು ಎದುರಿಗೆ ಕೂತರು. "ಅಲ್ಲ ಕಣೋ, ಆ ನರಿ ಏನಾಯ್ತು? ಅಷ್ಟು ದೂರ ಜೊತೆಗೆ ಬಂದಿತ್ತು. ಹೋಗಬೇಡ ಅಂತ ಬುದ್ಧಿ ಹೇಳಿದ್ದಕ್ಕೆ ಗದರಿಸಿ ಓಡಿಸಿಬಿಟ್ಟನಲ್ಲ."

ನಾನು ಪೇಪರು ಮಡಚಿದೆ. ಮೇಷ್ಟ್ರು ಹೇಳಿದ್ದು ನೆನಪಿತ್ತು: ಕಾವ್ಯದಲ್ಲಿ ಕೋಟೆಯ ಒಡೆಯ ಮೂರು ದಿನ ಬೇಟೆಗೆ ಹೋಗುತ್ತಾನೆ. ಮೊದಲ ದಿನ ಜಿಂಕೆ, ಎರಡನೆಯ ದಿನ ಕಾಡುಹಂದಿ, ಮೂರನೆಯ ದಿನ ನರಿ. ನಾಯಿಗಳು ಹಿಡಿದ ನರಿಯ ಚರ್ಮ ಸುಲಿದು ತಂದು ಗವೇನನ ಕೈಗಿಡುತ್ತಾನೆ. ಮೂಲದಲ್ಲಿ ಹಾಗಿದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಕಾಡಿಗೆ ವಾಪಸು ಹೋಯ್ತು ದೊಡ್ಡಮ್ಮ. ಅಲ್ಲಿ ಅದರ ಮರಿಗಳಿದ್ವು" ಅಂದೆ.