ಕೆಳಗಿನ ಪಟ್ಟಿ ಎಲ್ಲಿ ಹೋಯ್ತು?

ಹೊಸ ಬ್ರೌಸರ್ ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ. ಪುಟಗಳು ಬೇಗ ತೆರೆಯುತ್ತವೆ, ನೋಡೋಕೂ ಚೆನ್ನಾಗಿರುತ್ತದೆ. ಹಾಕಿಕೊಟ್ಟ ಹುಡುಗನಿಗೆ ಕಾಫಿ ಕೊಟ್ಟು ಕಳಿಸುತ್ತೇವೆ. ತಕರಾರು ಶುರುವಾಗುವುದು ಮಾರನೇ ದಿನ, ಕೈ ತನ್ನ ಪಾಡಿಗೆ ತಾನು ಹಳೇ ಜಾಗ ಹುಡುಕಿಕೊಂಡು ಹೋದಾಗ.

ಚಿಕ್ಕಮಗಳೂರಿನಲ್ಲಿ ಕಾಫಿ ತೋಟ ಇಟ್ಟುಕೊಂಡವರ ಕಂಪ್ಯೂಟರ್ ಹೆಚ್ಚು ಕಮ್ಮಿ ಒಂದೇ ಥರ ಇರುತ್ತದೆ. ಒಂದು ಟ್ಯಾಬಿನಲ್ಲಿ ನ್ಯೂಯಾರ್ಕಿನ ಅರೇಬಿಕಾ ಕಾಫಿ ದರ, ಪಕ್ಕದಲ್ಲಿ ಲಂಡನ್ನಿನ ರೊಬಸ್ಟಾ, ಆಮೇಲೆ ಮಳೆ, ಬ್ಯಾಂಕು, ಸುಮ್ನೆ ತೆರೆದು ಮರೆತ ಹತ್ತಾರು ಪುಟಗಳು. ಅಲ್ಲಿ ಅರೇಬಿಕಾಕ್ಕೆ ಪೌಂಡಿಗಿಷ್ಟು ಸೆಂಟು, ರೊಬಸ್ಟಾಕ್ಕೆ ಟನ್ನಿಗಿಷ್ಟು ಡಾಲರು. ನಮಗೆ ಬೇಕಿರುವುದು 50 ಕೆ.ಜಿ. ಮೂಟೆಗೆ ಎಷ್ಟು ರೂಪಾಯಿ ಅಂತ. ಹಾಗಾಗಿ ಲೆಕ್ಕ ಹಾಕೋಕೆ ಇನ್ನೊಂದು ಟ್ಯಾಬು! ಹಳೇ ಬ್ರೌಸರಿನಲ್ಲಿ ಇವನ್ನೆಲ್ಲ ಎರಡು ಸಾಲು ಮಾಡಿಕೊಂಡಿದ್ದೆ. ಹೊಸದರಲ್ಲಿ ಒಂದೇ ಸಾಲು. ಜಾಸ್ತಿಯಾದಷ್ಟೂ ಟ್ಯಾಬುಗಳು ಸೊರಗುತ್ತವೆ, ಕೊನೆಗೆ ಲಂಡನ್ ಯಾವುದು ಬ್ಯಾಂಕ್ ಯಾವುದು ತಿಳಿಯುವುದಿಲ್ಲ. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಬಣ್ಣ ಬದಲಾಯಿಸೋಕೆ ಬೇಕಾದಷ್ಟು ದಾರಿ ಇದೆ, ಸಾಲು ಬದಲಾಯಿಸೋಕೆ ಒಂದೂ ಇಲ್ಲ.

ಫೈರ್‌ಫಾಕ್ಸ್‌ಗೆ ಫೋರ್‌ಕಾಸ್ಟ್‌ಫಾಕ್ಸ್ ಅಂತ ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಇತ್ತು. ಬ್ರೌಸರಿನ ತಳದ ಪಟ್ಟಿಯಲ್ಲಿ, ಅಂದರೆ ಸ್ಟೇಟಸ್ ಬಾರಿನಲ್ಲಿ, ಇವತ್ತಿನ, ನಾಳೆಯ ಹವಾಮಾನವನ್ನು ಪುಟ್ಟ ಚಿತ್ರಗಳಲ್ಲಿ ತೋರಿಸುತ್ತಿತ್ತು. ಕಾಫಿ ಹೂ ಅರಳಿಸುವ ಹೂಮಳೆಗೆ ಬಾಯಿಬಿಟ್ಟುಕೊಂಡು ಕೂರುವ ಮಾರ್ಚ್ ತಿಂಗಳಿಗೆ ಹೇಳಿ ಮಾಡಿಸಿದ ವಸ್ತು. ಪಕ್ಕದ ತೋಟಕ್ಕೆ ಒಂದು ಇಂಚು ಬಂದು ನಮಗೆ ಹತ್ತು ಸೆಂಟೂ (ಮಳೆ ಲೆಕ್ಕದಲ್ಲಿ ಇಂಚಿಗೆ ನೂರು ಸೆಂಟು) ಬೀಳದಿರುವುದನ್ನು ಯಾವ ಎಕ್ಸ್‌ಟೆನ್ಷನ್ನೂ ಹೇಳಲಾರದು, ಅದು ಬೇರೆ ಮಾತು. 2011ರಲ್ಲಿ ಫೈರ್‌ಫಾಕ್ಸ್ 4 ಬಂದಾಗ ಆ ಸ್ಟೇಟಸ್ ಬಾರನ್ನೇ ಎತ್ತಿಬಿಟ್ಟರು. ಬದಲಿಗೆ ಆಡ್-ಆನ್ ಬಾರ್ ಅಂತ ಕೊಟ್ಟರು. 2014ರ 29ನೇ ಆವೃತ್ತಿಯಲ್ಲಿ ಅದನ್ನೂ ತೆಗೆದರು.

ದೊಡ್ಡ ಏಟು ಬಿದ್ದದ್ದು 2017ರ ನವೆಂಬರಿನಲ್ಲಿ, 57ನೇ ಆವೃತ್ತಿ ಬಂದಾಗ. ಹಳೇ ಕಾಲದ ಎಕ್ಸ್‌ಟೆನ್ಷನ್‌ಗಳೆಲ್ಲ ಒಂದೇ ದಿನಕ್ಕೆ ನಿಂತುಹೋದವು. ಹಟಕ್ಕೆ ಮಾಡಿದ್ದಲ್ಲ, ಅದಕ್ಕೆ ಕಾರಣ ಇತ್ತು. ಹಳೆಯವು ಬಾಡಿಗೆ ಮನೆಯ ಗೋಡೆಗೆ ಎಲ್ಲೆಂದರಲ್ಲಿ ಮೊಳೆ ಹೊಡೆದವರ ಹಾಗೆ. ಬ್ರೌಸರಿನ ಒಳಗಿನ ಯಾವ ಭಾಗಕ್ಕೆ ಬೇಕಾದರೂ ಕೈ ಹಾಕುತ್ತಿದ್ದವು. ಒಳಗೆ ಸ್ವಲ್ಪ ರಿಪೇರಿ ಮಾಡಿದರೂ ಯಾರದೋ ಎಕ್ಸ್‌ಟೆನ್ಷನ್ ಕೆಡುತ್ತಿತ್ತು. ಕೆಟ್ಟ ಬುದ್ಧಿಯವನು ಬರೆದ ಎಕ್ಸ್‌ಟೆನ್ಷನ್ ಆದರಂತೂ ಪಾಸ್‌ವರ್ಡಿನ ತನಕ ಹೋಗಬಹುದಿತ್ತು. ಈಗಿನವು ಇಂತಿಂಥದ್ದು ಬೇಕು ಅಂತ ಮೊದಲೇ ಕೇಳಬೇಕು, ಕೊಟ್ಟಷ್ಟರಲ್ಲೇ ಇರಬೇಕು. ಇದು ಒಳ್ಳೇದೇ, ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ಎರಡು ಸಾಲಿನ ಟ್ಯಾಬು ಬೇಕು ಅನಿಸುತ್ತದೆ, ಏನು ಮಾಡೋದು?

ಬ್ಯಾಕ್‌ಸ್ಪೇಸ್ ಕಥೆಯೂ ಹೀಗೇ. ಆ ಕೀ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುತ್ತಿತ್ತು. ಅರ್ಜಿ ತುಂಬುತ್ತಾ ಕೂತವರು ಅಕ್ಷರ ಅಳಿಸೋಕೆ ಹೋಗಿ ಪುಟವನ್ನೇ ಕಳೆದುಕೊಳ್ಳುತ್ತಾರೆ ಅಂತ ಕ್ರೋಮ್ 2016ರಲ್ಲಿ ಅದನ್ನು ನಿಲ್ಲಿಸಿತು, ಫೈರ್‌ಫಾಕ್ಸ್ 2021ರಲ್ಲಿ. ಆದರೆ ಫೈರ್‌ಫಾಕ್ಸ್‌ನವರು ಅಬೌಟ್ ಕಾನ್ಫಿಗ್ ಎಂಬ ಒಳಗಿನ ಸೆಟ್ಟಿಂಗ್ಸ್ ಪುಟದಲ್ಲಿ, ಅಟ್ಟದ ಮೇಲೆ ಇಟ್ಟ ಹಾಗೆ, ಅದರ ಸ್ವಿಚ್ಚನ್ನು ಉಳಿಸಿದ್ದಾರೆ. ನನಗೆ ಇಷ್ಟವಾಗುವುದು ಇದು. ಎಲ್ಲರ ಕಣ್ಣಿಗೂ ಬೀಳಬೇಕಿಲ್ಲ, ಹಟ ಹಿಡಿದವನಿಗೆ ಸಿಕ್ಕರೆ ಸಾಕಲ್ವಾ?

ಇನ್ನೊಂದು ತಮಾಷೆ. ಟ್ಯಾಬುಗಳನ್ನು ಗುಂಪು ಮಾಡುವ ಸೌಲಭ್ಯ ಫೈರ್‌ಫಾಕ್ಸ್‌ನಲ್ಲಿ ಮೊದಲೇ ಇತ್ತು. ಬಳಸುವವರು ಕಮ್ಮಿ ಅಂತ 2016ರಲ್ಲಿ ತೆಗೆದರು. 2025ರಲ್ಲಿ ಟ್ಯಾಬ್ ಗ್ರೂಪ್ಸ್ ಹೊಸ ರೂಪದಲ್ಲಿ ಮತ್ತೆ ಬಂತು. ಆ ಕಮ್ಮಿ ಜನ ಅಷ್ಟು ವರ್ಷ ಎಲ್ಲಿದ್ದರೋ! ಒಪೆರಾ ಅನ್ನೋ ಬ್ರೌಸರ್ ಇನ್ನೂ ಮುಂದೆ ಹೋಗಿತ್ತು. 2013ರಲ್ಲಿ ಒಳಗಿನ ಎಂಜಿನ್ ಬದಲಾಯಿಸಿ 15ನೇ ಆವೃತ್ತಿ ತಂದಾಗ ಅದರಲ್ಲಿ ಮೊದಲಿನಂಥ ಬುಕ್‌ಮಾರ್ಕ್ ಕೂಡ ಇರಲಿಲ್ಲ. ಆ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ವಾನ್ ಟೆಟ್ಜ್‌ನರ್ ಅಷ್ಟರಲ್ಲಾಗಲೇ ಅಲ್ಲಿಂದ ಹೊರಬಂದಿದ್ದರು. ನಮ್ಮಂಥ ತಕರಾರಿನ ಗಿರಾಕಿಗಳಿಗೆಂದೇ ಅವರು ವಿವಾಲ್ಡಿ ಅನ್ನೋ ಬ್ರೌಸರ್ ಮಾಡಿದರು. 2016ರಲ್ಲಿ ಅದರ ಮೊದಲ ಆವೃತ್ತಿ ಬಂತು. ಅದರ ತಳದಲ್ಲಿ ಸ್ಟೇಟಸ್ ಬಾರ್ ಇದೆ, ಟ್ಯಾಬುಗಳನ್ನು ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಸೆಟ್ಟಿಂಗ್ಸ್ ನೋಡಿ ಮುಗಿಸೋಕೇ ಒಂದು ಮಳೆಗಾಲ ಬೇಕು.

ಇದನ್ನೆಲ್ಲ ಮೂಡಿಗೆರೆ ಕಡೆಯ ಗೆಳೆಯನಿಗೆ ಹೇಳಿದೆ. ಫೋನ್ ಜೊತೆ ಬಂದ ಬ್ರೌಸರಿನಲ್ಲೇ ಅವನ ಸಂಸಾರ ನಡೆಯುತ್ತದೆ. ಎಕ್ಸ್‌ಟೆನ್ಷನ್ ಅಂದರೆ ಅವನಿಗೆ ಪಂಪ್‌ಸೆಟ್ಟಿನ ವೈರು. ಪೂರ್ತಿ ಕೇಳಿಸಿಕೊಂಡು, "ಇವತ್ತು ಚೆರ್ರಿ ರೇಟ್ ಇಳೀತು, ನೋಡಿದ್ಯಾ?" ಅಂದ. ವಾಟ್ಸಾಪಿನಲ್ಲಿ ಬೆಳಿಗ್ಗೆಯೇ ಬಂದಿತ್ತಂತೆ.