ಟೈಪ್ 1 ಮಧುಮೇಹವಿರುವ ಹದಿಹರೆಯದವರಿಗೆ ಹೆತ್ತವರ ಬಿಗಿ ನಿಗಾ ಬೇಕೇ?

ಪರ

ಟೈಪ್ 1 ಮಧುಮೇಹದಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದು ಬಹುತೇಕ ನಿಂತಿರುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್ ನಿಂತರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರಿ, ಮಗುವನ್ನು ತುರ್ತು ಚಿಕಿತ್ಸೆಗೆ ಹೊತ್ತೊಯ್ಯಬೇಕಾಗಬಹುದು. ಜೊತೆಗೆ ಈ ವಯಸ್ಸಿನ ಹಾರ್ಮೋನುಗಳು ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತವೆ; ಮೊನ್ನೆಯವರೆಗೆ ಸಾಕಾಗುತ್ತಿದ್ದ ಯೂನಿಟ್ ಈಗ ಸಾಲದು. ಇಂಥ ಹೊತ್ತಿನಲ್ಲಿ ‘ನೀನೀಗ ದೊಡ್ಡವಳು, ನೋಡಿಕೋ’ ಎನ್ನುವುದು ಹೊಣೆ ಜಾರಿಸುವ ಮಾತು.

ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ಬೆಳಗಿನ ರೈಲು ಹಿಡಿಯುವ ಹುಡುಗಿ ಇನ್ಸುಲಿನ್ ಚುಚ್ಚಿಕೊಂಡು, ತಡವಾಯಿತೆಂದು ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಓಡಿದರೆ, ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಮೈ ಬೆವರಿ ಕೈ ನಡುಗಬಹುದು. ರಕ್ತದ ಸಕ್ಕರೆ 70 ಎಂಜಿ/ಡಿಎಲ್‌ಗಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಬಾಯಿಗೆ ಬೀಳಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇದೆಯೇ ಎಂದು ಅಮ್ಮ ದಿನವೂ ಕೇಳುವುದನ್ನು ಕಾಟ ಎನ್ನಲು ನನಗೆ ಮನಸ್ಸು ಬಾರದು.

ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆ ಎಂದು 1993ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ಅಧ್ಯಯನ ತೋರಿಸಿತು. ಆ ಹಾನಿ ಕಾಣಿಸಿಕೊಳ್ಳುವುದು ವರ್ಷಗಳ ಮೇಲೆ. ಹದಿನೈದರ ಮಗು ಅಷ್ಟು ದೂರ ಯೋಚಿಸುವುದಿಲ್ಲ, ಹೆತ್ತವರು ಯೋಚಿಸಲೇಬೇಕು.

ವಿರೋಧ

ಯೋಚಿಸಲಿ. ಆದರೆ ಸಕ್ಕರೆ ಅಳೆಯುವ ಮೀಟರ್ 280 ತೋರಿಸಿದ ಕೂಡಲೇ ‘ಕದ್ದು ಏನು ತಿಂದೆ?’ ಎಂಬ ವಿಚಾರಣೆ ಏಕೆ? ಜ್ವರ ಬಂದರೂ, ಪರೀಕ್ಷೆಯ ಆತಂಕಕ್ಕೂ ಸಕ್ಕರೆ ಏರುತ್ತದೆ. ಪದೇಪದೇ ಬೈಸಿಕೊಂಡ ಹುಡುಗ ಬೆರಳು ಚುಚ್ಚಿಕೊಳ್ಳದೆಯೇ ಪುಸ್ತಕದಲ್ಲಿ 130 ಎಂದು ಬರೆದಿಡುತ್ತಾನೆ. ಎರಡು–ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಆ ಸುಳ್ಳು ಬಯಲಾಗುತ್ತದೆ. ಆಗ ಮನೆಯಲ್ಲಿ ಬಿಗಿ ಇನ್ನಷ್ಟು ಹೆಚ್ಚುತ್ತದೆ, ಹುಡುಗ ಇನ್ನಷ್ಟು ಬಚ್ಚಿಡುತ್ತಾನೆ.

ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಿಡಿದು ಬಂದವರೆದುರು ‘ಅವನಿಗೆ ಬೇಡ, ಶುಗರ್ ಇದೆ’ ಎಂದು ಸಾರುವ ಮನೆಗಳಿವೆ. ಆ ಮಾತು ಮಗುವನ್ನು ಎಷ್ಟು ಕುಗ್ಗಿಸುತ್ತದೆ! ತಿನ್ನುವುದಕ್ಕೆ ತಕ್ಕ ಇನ್ಸುಲಿನ್ ಲೆಕ್ಕವನ್ನು ವೈದ್ಯರ ಬಳಿ ಕಲಿಸಿದ್ದರೆ ಅವನೂ ಎಲ್ಲರ ಜೊತೆ ಒಂದು ಚಮಚ ತಿನ್ನುತ್ತಿದ್ದ.

ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲೇ ಬರಿಯ ಅಪ್ಪಣೆಯ ಪಾಲನೆ, ಪೂರಾ ಸಡಿಲ ಬಿಡುವ ಪಾಲನೆ, ನಿಯಮವಿಟ್ಟುಕೊಂಡೇ ಅಕ್ಕರೆಯಿಂದ ಮಾತಾಡುವ ಪಾಲನೆ ಎಂದು ವಿಂಗಡಿಸಿದ್ದರು. ನಾನು ಕೇಳುತ್ತಿರುವುದು ಮೂರನೆಯದನ್ನು. ಊಟಕ್ಕೆ ಮುಂಚೆ ಅಪ್ಪ ಪಕ್ಕದಲ್ಲೇ ಕುಳಿತಿರಲಿ, ಇನ್ಸುಲಿನ್ ಪೆನ್ನಿನಲ್ಲಿ ಯೂನಿಟ್ ತಿರುಗಿಸುವವನು ಮಗನಾಗಿರಲಿ. ಲೆಕ್ಕ ತಪ್ಪಿದರೆ ಕಾರಣವನ್ನು ಮೊದಲು ಅವನೇ ಹುಡುಕಲಿ. ಪಿಯುಸಿ ಮುಗಿದ ಮೇಲೆ ಬೆಂಗಳೂರಿನ ಹಾಸ್ಟೆಲ್ ಸೇರುವ ಹುಡುಗನಿಗೆ ಅಷ್ಟರೊಳಗೆ ಇದೆಲ್ಲ ಕೈಗೆ ಹತ್ತಿರಬೇಕು.